ಬಾಗಿಲು ಹೊರಕ್ಕೆ ತೆರೆಯಲಿ



ಬೆಂಕಿ ನಮ್ಮ ಮನೆಯ ನೆಂಟ. ಒಲೆಯಲ್ಲಿದ್ದರೆ ಅನ್ನ ಬೇಯಿಸುತ್ತದೆ. ದೀಪದಲ್ಲಿದ್ದರೆ ಬೆಳಕು ಕೊಡುತ್ತದೆ. ಒಲೆ ಬಿಟ್ಟು ಸೂರಿಗೆ ಹತ್ತಿದರೆ ಅದೇ ಬೆಂಕಿ ಯಮನಾಗುತ್ತದೆ. ಬಣವೆ ಉರಿದದ್ದನ್ನು, ಗುಡಿಸಲು ಸುಟ್ಟದ್ದನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೇವೆ.

ಈಗ ನಾವು ಬರೀ ಗುಡಿಸಲಲ್ಲಿ, ಹೆಂಚಿನ ಮನೆಯಲ್ಲಿ ಇರುವುದಿಲ್ಲ. ಮದುವೆಗೆ ಕಲ್ಯಾಣ ಮಂಟಪಕ್ಕೆ ಹೋಗುತ್ತೇವೆ. ಕಾಯಿಲೆ ಬಂದರೆ ದೊಡ್ಡಾಸ್ಪತ್ರೆಗೆ ಹೋಗುತ್ತೇವೆ. ನಮ್ಮ ಮಕ್ಕಳು ಮಹಡಿ ಶಾಲೆಯಲ್ಲಿ ಓದುತ್ತಾರೆ. ನಮ್ಮ ಹೆಣ್ಣುಮಕ್ಕಳು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಬಟ್ಟೆ ಹೊಲಿಯುತ್ತಾರೆ. ಗುಡಿಸಲಿಗೆ ಬೆಂಕಿ ಬಿದ್ದರೆ ನಾಲ್ಕು ಹೆಜ್ಜೆ ಓಡಿದರೆ ಅಂಗಳ. ನಾಲ್ಕನೇ ಮಹಡಿಯಲ್ಲಿದ್ದರೆ? ನಾನೂರು ಜನ ಒಂದೇ ಕಡೆ ಕೂತಿದ್ದರೆ? ಆಗ ಎಲ್ಲಿಗೆ ಓಡುವುದು?

ಈ ಪ್ರಶ್ನೆಯನ್ನು ಕಟ್ಟಡ ಕಟ್ಟುವ ಮೊದಲೇ ಕೇಳಬೇಕು. ಕೇಳಲೇಬೇಕು ಅಂತ ಕಾನೂನು ಹೇಳುತ್ತದೆ. ಆ ಕಾನೂನು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಡವುತ್ತದೆ, ಅದರಲ್ಲಿ ನಮ್ಮ ಪಾಲಿನ ಕೆಲಸ ಏನು ಎಂಬುದನ್ನು ಈ ಪಾಠದಲ್ಲಿ ಓದೋಣ.

ಕೊಂದದ್ದು ಬೆಂಕಿಯೋ, ಬೀಗವೋ?

ಮೊದಲು ನಾಲ್ಕು ನಿಜವಾದ ಘಟನೆಗಳನ್ನು ಓದೋಣ. ಓದುವಾಗ ಒಂದು ವಿಷಯ ಗಮನಿಸಿ. ಜನರಿಗೆ ಹೊರಗೆ ಬರಲು ದಾರಿ ಇತ್ತೇ?

1997, ಜೂನ್ 13. ದೆಹಲಿಯ ಉಪಹಾರ್ ಚಿತ್ರಮಂದಿರ. ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿದ್ದ ವಿದ್ಯುತ್ ಟ್ರಾನ್ಸ್‌ಫಾರ್ಮರ್‌ನಿಂದ ಬೆಂಕಿ ಎದ್ದಿತು. ಹೊಗೆ ಮೇಲಿನ ಬಾಲ್ಕನಿಗೆ ತುಂಬಿತು. ಬಾಲ್ಕನಿಯಲ್ಲಿ ಹೆಚ್ಚು ಕುರ್ಚಿ ಹಾಕಿ ಒಂದು ಕಡೆಯ ದಾರಿ ಮುಚ್ಚಿದ್ದರು. 59 ಜನ ಸತ್ತರು. ಅವರು ಸತ್ತದ್ದು ಹೊಗೆಗೆ ಉಸಿರುಗಟ್ಟಿ.

2004, ಜುಲೈ 16. ತಮಿಳುನಾಡಿನ ಕುಂಭಕೋಣದ ಒಂದು ಶಾಲೆ. ಮಧ್ಯಾಹ್ನದ ಊಟ ಬೇಯಿಸುವ ಕೋಣೆಯಿಂದ ಬೆಂಕಿ ಹಬ್ಬಿತು. ಮೇಲ್ಮಹಡಿಯ ಚಾವಣಿ ಗರಿಯದು. ಮೆಟ್ಟಿಲು ಇಕ್ಕಟ್ಟು. 94 ಮಕ್ಕಳು ಸುಟ್ಟು ಸತ್ತರು.

2010, ಫೆಬ್ರವರಿ 23. ನಮ್ಮ ಬೆಂಗಳೂರು. ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿ ಕಟ್ಟಡ. ವಿದ್ಯುತ್ ತಂತಿ ಹಾಯುವ ಕೊಳವೆ ಗೂಡಿನಲ್ಲಿ ಬೆಂಕಿ ಹತ್ತಿತು. ಹೊಗೆ ಮಹಡಿಯಿಂದ ಮಹಡಿಗೆ ಏರಿತು. ತುರ್ತು ದಾರಿಗೆ ಬೀಗ ಬಿದ್ದಿತ್ತು. ಉಸಿರಾಡಲಾರದೆ ಜನ ಗಾಜು ಒಡೆದು ಮೇಲಿನಿಂದ ಹಾರಿದರು. 9 ಜನ ಸತ್ತರು.

2024, ಮೇ 25. ಗುಜರಾತಿನ ರಾಜಕೋಟೆ. ರಜೆಯ ದಿನಗಳಲ್ಲಿ ಮಕ್ಕಳು ಆಟಕ್ಕೆ ಬರುವ ತಗಡಿನ ಕಟ್ಟಡ. ಅಲ್ಲಿ ಬೆಂಕಿ ಬಿದ್ದು 27 ಜನ ಸತ್ತರು. ಆ ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆಯ ಪತ್ರವೇ ಇರಲಿಲ್ಲ.

ಬೆಂಕಿ ಹುಟ್ಟಿದ ಕಾರಣ ಒಂದೊಂದು ಕಡೆ ಒಂದೊಂದು. ಮೊದಲ ಮೂರು ಕಡೆ ದಾರಿಯೇ ಕೈಕೊಟ್ಟಿತು. ಒಂದು ಕಡೆ ಕುರ್ಚಿ ಅಡ್ಡ. ಒಂದು ಕಡೆ ಇಕ್ಕಟ್ಟು ಮೆಟ್ಟಿಲು. ಒಂದು ಕಡೆ ಬೀಗ. ನಾಲ್ಕನೆಯ ಕಡೆ, ದಾರಿ ಇದೆಯೇ ಅಂತ ನೋಡಬೇಕಾದವರ ಒಪ್ಪಿಗೆಯೇ ಇರಲಿಲ್ಲ.

ಬೆಂಕಿ ಆರಿಸುವುದು ಇಲಾಖೆಯವರ ಕೆಲಸ. ಆದರೆ ಬೆಂಕಿಯ ಗಾಡಿ ಬರುವ ತನಕ ನಮ್ಮ ಜೀವ ಉಳಿಸುವುದು ದಾರಿ. ಕಟ್ಟಡದ ಬೆಂಕಿ ಕಾನೂನಿನ ತಿರುಳು ಇದೇ. ದಾರಿ ಇರಬೇಕು. ಸಾಕಷ್ಟು ಅಗಲ ಇರಬೇಕು. ತೆರೆದಿರಬೇಕು.

ಈ ಕಾನೂನು ಯಾರದು?

ದೇಶಕ್ಕೆಲ್ಲ ಒಂದು ದೊಡ್ಡ ಪುಸ್ತಕ ಇದೆ. ಅದರ ಹೆಸರು ರಾಷ್ಟ್ರೀಯ ಕಟ್ಟಡ ಸಂಹಿತೆ. ಸಂಹಿತೆ ಎಂದರೆ ನಿಯಮಗಳ ಕಟ್ಟು. ಭಾರತೀಯ ಮಾನಕ ಸಂಸ್ಥೆ ಅದನ್ನು 1970ರಲ್ಲಿ ಮೊದಲ ಸಲ ತಂದಿತು. ಆಮೇಲೆ 1983, 2005, 2016ರಲ್ಲಿ ತಿದ್ದಿ ಮತ್ತೆ ತಂದರು. ಅದರ ನಾಲ್ಕನೇ ಭಾಗ ಬೆಂಕಿ ಮತ್ತು ಜೀವ ರಕ್ಷಣೆಯದು.

ಆದರೆ ಈ ಪುಸ್ತಕ ಸಲಹೆ ಹೇಳುತ್ತದೆ, ಅಷ್ಟೆ. ಸಲಹೆಗೆ ಕೈಕಾಲು ಕೊಡುವುದು ರಾಜ್ಯ. ಯಾಕೆಂದರೆ ಅಗ್ನಿಶಾಮಕ ಸೇವೆ ನಡೆಸುವುದು ರಾಜ್ಯಗಳು. ಕಟ್ಟಡಕ್ಕೆ ಪರವಾನಗಿ ಕೊಡುವುದು ಊರಿನ ಆಡಳಿತ. ರಾಜ್ಯವು ತನ್ನ ಕಾಯ್ದೆಯಲ್ಲಿ, ಪಟ್ಟಣದ ಉಪವಿಧಿಗಳಲ್ಲಿ ಈ ನಿಯಮಗಳನ್ನು ಸೇರಿಸಿಕೊಂಡಾಗ ಅವು ಪಾಲಿಸಲೇಬೇಕಾದ ಕಾನೂನಾಗುತ್ತವೆ. ಅದಕ್ಕೇ ಎಷ್ಟು ಎತ್ತರದ ಕಟ್ಟಡಕ್ಕೆ ಯಾವ ಪತ್ರ ಬೇಕು ಎಂಬುದು ರಾಜ್ಯದಿಂದ ರಾಜ್ಯಕ್ಕೆ ಸ್ವಲ್ಪ ಬೇರೆ ಬೇರೆ ಇರುತ್ತದೆ.

ನಮ್ಮ ರಾಜ್ಯದಲ್ಲಿ 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆ ಇದೆ. ಬೆಂಕಿಯ ಅಪಾಯ ಇರುವ ಕಟ್ಟಡಗಳ ಮಾಲೀಕರು ಇಂಥಿಂಥ ಎಚ್ಚರಿಕೆ ತೆಗೆದುಕೊಳ್ಳಬೇಕು ಅಂತ ಸರ್ಕಾರ ಈ ಕಾಯ್ದೆಯ ಪ್ರಕಾರ ಆಜ್ಞೆ ಮಾಡಬಹುದು. ಬೆಂಕಿ ಹತ್ತುವಂಥ ಸಾಮಾನನ್ನು ತೆಗೆಸಲು ಇಲಾಖೆಯ ಅಧಿಕಾರಿಗೆ ಅಧಿಕಾರ ಇದೆ.

ಶಾಲೆಗಳ ಬಗ್ಗೆ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಕುಂಭಕೋಣದ ಮಕ್ಕಳು ಸತ್ತ ಮೇಲೆ ನಡೆದ ಒಂದು ಮೊಕದ್ದಮೆಯಲ್ಲಿ 2009ರಲ್ಲಿ ತೀರ್ಪು ಬಂತು. ಕಟ್ಟಡ ಸುರಕ್ಷಿತ ಎಂದು ಗೊತ್ತಾದ ಮೇಲೆಯೇ ಶಾಲೆಗೆ ಮಾನ್ಯತೆ ಕೊಡಬೇಕು. ಬೆಂಕಿ ಆರಿಸುವ ಸಾಧನ ಇರಬೇಕು. ಅದನ್ನು ಬಳಸಲು ಶಿಕ್ಷಕರಿಗೆ, ಸಿಬ್ಬಂದಿಗೆ ತರಬೇತಿ ಕೊಡಬೇಕು. ಸರ್ಕಾರಿ ಶಾಲೆಗೂ ಖಾಸಗಿ ಶಾಲೆಗೂ ಇದು ಒಂದೇ.

ಮೊದಲನೇ ಹೆಜ್ಜೆ: ನಕ್ಷೆ

ಒಂದು ಊರಿನಲ್ಲಿ ಒಬ್ಬ ಸಾಹುಕಾರರು ಕಲ್ಯಾಣ ಮಂಟಪ ಕಟ್ಟುತ್ತಾರೆ ಎಂದುಕೊಳ್ಳೋಣ. ಕೆಳಗೆ ಮದುವೆಯ ಹಾಲ್. ಮೇಲಿನ ಮಹಡಿಯಲ್ಲಿ ಊಟದ ಹಾಲ್. ಇಂಥ ಕಟ್ಟಡಗಳನ್ನು ನಾವೆಲ್ಲ ನೋಡಿದ್ದೇವೆ.

ಸಾಹುಕಾರರು ಮೊದಲು ಇಂಜಿನಿಯರ್ ಹತ್ತಿರ ನಕ್ಷೆ ಬರೆಸುತ್ತಾರೆ. ನಕ್ಷೆಯನ್ನು ಊರಿನ ಪುರಸಭೆಗೋ, ಪಾಲಿಕೆಗೋ, ಪಂಚಾಯಿತಿಗೋ ಕೊಡುತ್ತಾರೆ. ಕಟ್ಟಡ ಎತ್ತರದ್ದಾದರೆ, ಅಥವಾ ಹೆಚ್ಚು ಜನ ಸೇರುವಂಥದ್ದಾಗಿ ರಾಜ್ಯ ಗೊತ್ತು ಮಾಡಿದ ಅಳತೆ ಮೀರಿದ್ದರೆ, ಅಗ್ನಿಶಾಮಕ ಇಲಾಖೆಯೂ ನಕ್ಷೆ ನೋಡಬೇಕು. ನೋಡಿ ಒಪ್ಪಿದರೆ ಒಂದು ಪತ್ರ ಕೊಡುತ್ತದೆ. ಅದಕ್ಕೆ ನಿರಾಕ್ಷೇಪಣಾ ಪತ್ರ ಎನ್ನುತ್ತಾರೆ. ಜನರ ಬಾಯಲ್ಲಿ ಅದು ಎನ್.ಓ.ಸಿ. ನಮ್ಮ ಕಡೆಯಿಂದ ಅಡ್ಡಿ ಇಲ್ಲ ಎಂಬುದು ಅದರ ಅರ್ಥ. ಈ ಪತ್ರದಲ್ಲಿ ಷರತ್ತುಗಳೂ ಇರುತ್ತವೆ. ಇಷ್ಟು ಮೆಟ್ಟಿಲು ಇರಲಿ, ಇಲ್ಲಿ ನೀರಿನ ತೊಟ್ಟಿ ಇರಲಿ, ಇಲ್ಲಿ ಬಾಗಿಲು ಇರಲಿ ಎಂದು ಬರೆದಿರುತ್ತಾರೆ.

ನಕ್ಷೆಯಲ್ಲಿ ಏನೇನು ನೋಡುತ್ತಾರೆ? 2016ರ ಸಂಹಿತೆಯಲ್ಲಿ ಇರುವ ಕೆಲವು ಮಾತು ಹೀಗಿವೆ.

ಕಟ್ಟಡ ಯಾವುದಕ್ಕೆ? ಇದು ಮೊದಲ ಪ್ರಶ್ನೆ. ಸಂಹಿತೆ ಕಟ್ಟಡಗಳನ್ನು ಒಂಬತ್ತು ಗುಂಪು ಮಾಡಿದೆ. ವಾಸದ ಮನೆ, ಶಾಲೆ, ಆಸ್ಪತ್ರೆಯಂಥ ಸಂಸ್ಥೆ, ಜನ ಸೇರುವ ಸ್ಥಳ, ಕಚೇರಿ, ಅಂಗಡಿ, ಕಾರ್ಖಾನೆ, ಉಗ್ರಾಣ, ಮತ್ತು ಸಿಡಿಮದ್ದಿನಂಥ ಅಪಾಯದ ಸಾಮಾನು ಇಡುವ ಸ್ಥಳ. ಮನೆಗೆ ಒಂದು ನಿಯಮ ಆದರೆ ಆಸ್ಪತ್ರೆಗೆ ಇನ್ನೂ ಬಿಗಿ. ಯಾಕೆ? ಮನೆಯವರು ಎದ್ದು ಓಡುತ್ತಾರೆ. ಹಾಸಿಗೆ ಹಿಡಿದ ರೋಗಿ ಓಡುತ್ತಾನೆಯೇ?

ಎತ್ತರ ಎಷ್ಟು? ಸಂಹಿತೆಯ ಪ್ರಕಾರ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ್ದು ಬಹುಮಹಡಿ ಕಟ್ಟಡ. ಹೆಚ್ಚು ಕಡಿಮೆ ಐದು ಮಹಡಿ ಎಂದುಕೊಳ್ಳಿ.

ಗಾಡಿ ಒಳಗೆ ಬರುತ್ತದೆಯೇ? ಬಹುಮಹಡಿ ಕಟ್ಟಡದ ಮುಂದಿನ ಗೇಟು 6 ಮೀಟರ್‌ಗಿಂತ ಕಿರಿದಾಗಬಾರದು. ಸುತ್ತಲಿನ ನೆಲ 45 ಟನ್ ತೂಕದ ಗಾಡಿಯನ್ನು ತಡೆಯುವಷ್ಟು ಗಟ್ಟಿ ಇರಬೇಕು.

ದಾರಿ ಎಷ್ಟು ದೂರ? ಶಾಲೆಯಲ್ಲಿ, ಜನ ಸೇರುವ ಕಟ್ಟಡದಲ್ಲಿ ಯಾವ ಮೂಲೆಯಲ್ಲಿ ನಿಂತರೂ ಸಾಮಾನ್ಯವಾಗಿ 30 ಮೀಟರ್ ಒಳಗೆ ಹೊರದಾರಿ ಸಿಗಬೇಕು.

ಬಾಗಿಲು ಹೇಗೆ ತೆರೆಯುತ್ತದೆ? ಹೊರದಾರಿಯ ಬಾಗಿಲು ಜನ ಹೋಗುವ ದಿಕ್ಕಿಗೆ ತೆರೆಯಬೇಕು. ಒಳಗಿನವರು ಕೀಲಿ ಇಲ್ಲದೆ ತೆರೆಯುವಂತಿರಬೇಕು. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಏನಾಗುತ್ತದೆ ಯೋಚಿಸಿ. ಗಾಬರಿಯಾದ ಜನ ಬಂದು ಬಾಗಿಲಿಗೆ ಒತ್ತುತ್ತಾರೆ. ಮುಂದಿರುವವರು ಬಾಗಿಲನ್ನು ತಮ್ಮ ಕಡೆ ಎಳೆಯಲು ಆಗುವುದಿಲ್ಲ. ಬಾಗಿಲೇ ಗೋಡೆಯಾಗುತ್ತದೆ.

ಹೊಗೆ ಎಲ್ಲಿ ಹೋಗುತ್ತದೆ? ಬಿಸಿ ಹೊಗೆ ಮೇಲಕ್ಕೆ ಏರುತ್ತದೆ. ತಂತಿ, ಪೈಪು ಹಾಯುವ ಗೂಡು ಕೆಳಗಿನಿಂದ ಮೇಲಿನವರೆಗೆ ತೆರೆದಿದ್ದರೆ ಅದು ಹೊಗೆಗೆ ಚಿಮಣಿ ಆಗುತ್ತದೆ. ಅದಕ್ಕೇ ಪ್ರತಿ ಮಹಡಿಯಲ್ಲೂ ಆ ಗೂಡನ್ನು ಬೆಂಕಿ ತಡೆಯುವ ಸಾಮಾನಿನಿಂದ ಮುಚ್ಚಬೇಕು.

ಬನ್ನಿ, ಒಂದು ಲೆಕ್ಕ ಮಾಡೋಣ

ನಮ್ಮ ಸಾಹುಕಾರರ ಊಟದ ಹಾಲ್ ಮೇಲಿನ ಮಹಡಿಯಲ್ಲಿದೆ ಎಂದೆವು. ಅದರ ಉದ್ದ 30 ಮೀಟರ್. ಅಗಲ 20 ಮೀಟರ್.

30 × 20 = 600 ಚದರ ಮೀಟರ್.

ಊಟದ ಹಾಲ್‌ನಲ್ಲಿ ಒಬ್ಬರಿಗೆ ಒಂದೂವರೆ ಚದರ ಮೀಟರ್ ಎಂದು ಸಂಹಿತೆ ಲೆಕ್ಕ ಹಿಡಿಯುತ್ತದೆ.

600 ÷ 1.5 = 400 ಜನ.

ಇಳಿಯುವ ಮೆಟ್ಟಿಲಿಗೆ ಒಬ್ಬರಿಗೆ 10 ಮಿಲಿಮೀಟರ್ ಅಗಲ ಎಂದು ಲೆಕ್ಕ.

400 × 10 = 4,000 ಮಿಲಿಮೀಟರ್. ಅಂದರೆ 4 ಮೀಟರ್.

ಜನ ಸೇರುವ ಕಟ್ಟಡದ ಮೆಟ್ಟಿಲು 2 ಮೀಟರ್‌ಗಿಂತ ಕಿರಿದಾಗಬಾರದು. ಹಾಗಾದರೆ ಎರಡೆರಡು ಮೀಟರ್ ಅಗಲದ ಎರಡು ಮೆಟ್ಟಿಲು ಬೇಕು. ಎರಡೂ ಒಂದೇ ಮೂಲೆಯಲ್ಲಿದ್ದರೆ ಪ್ರಯೋಜನ ಇಲ್ಲ. ಒಂದರ ಹತ್ತಿರ ಬೆಂಕಿ ಇದ್ದರೆ ಇನ್ನೊಂದು ಸಿಗಬೇಕು. ಲಿಫ್ಟನ್ನು ದಾರಿ ಎಂದು ಲೆಕ್ಕ ಹಿಡಿಯುವುದೇ ಇಲ್ಲ. ಕರೆಂಟು ಹೋದರೆ ಲಿಫ್ಟು ನಿಲ್ಲುತ್ತದೆ. ಅದರ ಗೂಡಿಗೆ ಹೊಗೆ ತುಂಬುತ್ತದೆ.

ಈಗ ಒಂದು ಮೆಟ್ಟಿಲಿಗೆ ಬೀಗ ಹಾಕಿದರು ಎನ್ನೋಣ. ಉಳಿದದ್ದು 2 ಮೀಟರ್. ಅದು ಎಷ್ಟು ಜನರ ದಾರಿ? 200 ಜನರದು. ಊಟಕ್ಕೆ ಕೂತವರು ಎಷ್ಟು? 400. ಹಾಗಾದರೆ ಆ ಬೀಗ ಬಿದ್ದಿರುವುದು ಬರೀ ಮೆಟ್ಟಿಲಿಗಲ್ಲ. ಅದು 200 ಜನರ ದಾರಿಗೆ ಬಿದ್ದ ಬೀಗ. ಆ ಇನ್ನೂರರಲ್ಲಿ ನಮ್ಮ ಅವ್ವ ಇರಬಹುದು, ನಮ್ಮ ಮಗು ಇರಬಹುದು.

ಎರಡನೇ ಹೆಜ್ಜೆ: ತಪಾಸಣೆ

ನಕ್ಷೆ ಒಪ್ಪಿದ ಮೇಲೆ ಕಟ್ಟಡ ಏಳುತ್ತದೆ. ನಮ್ಮ ಕಲಿಕಾ ಕೇಂದ್ರದಲ್ಲಿ ಇದನ್ನು ಓದುವಾಗ ಗಾರೆ ಕೆಲಸದ ಒಬ್ಬ ಅಣ್ಣ ನಕ್ಕರು.

"ಮೇಷ್ಟ್ರೇ, ನಕ್ಷೇಲಿ ಎರಡು ಮೆಟ್ಟಿಲು ಬರೀತಾರೆ. ಕಟ್ಟೋವಾಗ ಒಂದನ್ನ ಸ್ಟೋರ್ ರೂಮ್ ಮಾಡು ಅಂತಾರೆ. ನಾವು ಮಾಡ್ತೀವಿ. ನಮಗೇನು ಗೊತ್ತು?"

ಅವರು ಹೇಳಿದ್ದು ನಿಜ. ಅದಕ್ಕೇ ಕಾನೂನು ಎರಡನೇ ಸಲ ನೋಡುತ್ತದೆ. ಕಟ್ಟಡ ಮುಗಿದ ಮೇಲೆ ಅಗ್ನಿಶಾಮಕ ಅಧಿಕಾರಿ ಬಂದು ಕಣ್ಣಾರೆ ನೋಡಬೇಕು. ಕೈಯಲ್ಲಿ ನಕ್ಷೆ, ಎದುರಿಗೆ ಕಟ್ಟಡ. ಎರಡೂ ಒಂದೇ ಇದೆಯೇ? ಮೆಟ್ಟಿಲು ಅಳೆಯಬೇಕು. ಬಾಗಿಲು ತಳ್ಳಿ ನೋಡಬೇಕು. ಪಂಪು ಚಾಲೂ ಮಾಡಿ ಮೇಲಿನ ಮಹಡಿಯ ಕೊಳವೆಯಲ್ಲಿ ನೀರು ರಭಸದಿಂದ ಬರುತ್ತದೆಯೇ ನೋಡಬೇಕು. ಗಂಟೆ ಬಾರಿಸಿ ನೋಡಬೇಕು. ಎಲ್ಲ ಸರಿ ಇದ್ದರೆ ತೀರುವಳಿ ಪತ್ರ ಕೊಡುತ್ತಾರೆ. ಸರಿ ಇಲ್ಲದಿದ್ದರೆ ಸರಿ ಮಾಡಿ ಎಂದು ಬರೆದು ಕೊಡುತ್ತಾರೆ.

ಆಮೇಲೆ ಪುರಸಭೆ ಅಥವಾ ಪಾಲಿಕೆ ಇನ್ನೊಂದು ಪತ್ರ ಕೊಡುತ್ತದೆ. ಅದು ಸ್ವಾಧೀನಾನುಭವ ಪತ್ರ. ಜನರ ಬಾಯಲ್ಲಿ ಓ.ಸಿ. ಈ ಕಟ್ಟಡದಲ್ಲಿ ಇನ್ನು ಜನ ಇರಬಹುದು ಎಂಬುದು ಅದರ ಅರ್ಥ. ಅದಕ್ಕೆ ಮೊದಲು ಮದುವೆ ನಡೆಸುವುದು, ಅಂಗಡಿ ತೆರೆಯುವುದು ತಪ್ಪು.

ಹೀಗೆ ಒಂದು ಕಟ್ಟಡವನ್ನು ಕಾಗದದಲ್ಲಿ ಒಂದು ಸಲ, ಇಟ್ಟಿಗೆಯಲ್ಲಿ ಒಂದು ಸಲ ನೋಡುತ್ತಾರೆ. ಕಾಗದದ ಹಂತದಲ್ಲಿ ತಪ್ಪು ಸಿಕ್ಕಿದರೆ ರಬ್ಬರಿನಿಂದ ಅಳಿಸಬಹುದು. ಇಟ್ಟಿಗೆಯ ಹಂತದಲ್ಲಿ ಸಿಕ್ಕಿದರೆ ಗೋಡೆ ಒಡೆಯಬೇಕು. ಬೆಂಕಿಯ ದಿನ ಸಿಕ್ಕಿದರೆ ಹೆಣ ಎಣಿಸಬೇಕು.

ಪೆಂಡಾಲು, ಡೇರೆ ತಾತ್ಕಾಲಿಕ ಅಂತ ಸಡಿಲ ಬಿಡಬಾರದು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿತ್ತು. 92 ಜನ ಸತ್ತರು. ಅವರಲ್ಲಿ ಬಹಳ ಮಂದಿ ಮಕ್ಕಳು. ಬಟ್ಟೆಯ ಡೇರೆಗೂ ಅಗಲವಾದ ದಾರಿ ಬೇಕು.

ಮೂರನೇ ಹೆಜ್ಜೆ: ದಿನದಿನದ ಬಳಕೆ

ಎರಡು ಹೆಜ್ಜೆ ಸರಿಯಾಯಿತು. ಪತ್ರವೂ ಬಂತು. ಚೌಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ತೂಗು ಹಾಕಿದರು. ಅಧಿಕಾರಿ ತಮ್ಮ ಗಾಡಿ ಹತ್ತಿ ಹೋದರು. ಇನ್ನು ಏನು ಭಯ?

ನಿಜವಾದ ಅಪಾಯ ಹುಟ್ಟುವುದು ಇಲ್ಲಿಂದ. ಒಂದು ದಿನ ಪಾತ್ರೆ ಕಳುವಾಗುತ್ತದೆ. ಹಿಂದಿನ ಬಾಗಿಲಿಗೆ ಬೀಗ ಬೀಳುತ್ತದೆ. ಮಳೆಗಾಲದಲ್ಲಿ ಕುರ್ಚಿ ಇಡಲು ಜಾಗ ಇರುವುದಿಲ್ಲ. ಮೆಟ್ಟಿಲ ಕೆಳಗೆ ಪೇರಿಸುತ್ತಾರೆ. ಗ್ಯಾಸ್ ಸಿಲಿಂಡರು ಅಲ್ಲೇ ನಿಲ್ಲುತ್ತವೆ. ಗೇಟಿನ ಮುಂದೆ ಬೀಡಾ ಅಂಗಡಿ ಬರುತ್ತದೆ. ಬೆಂಕಿ ಆರಿಸುವ ಸಿಲಿಂಡರಿನ ಮೇಲೆ ಧೂಳು ಕೂರುತ್ತದೆ. ಯಾರೂ ಕೆಟ್ಟದ್ದು ಮಾಡಬೇಕೆಂದು ಮಾಡಿದ್ದಲ್ಲ. ಆದರೆ ನಕ್ಷೆಯಲ್ಲಿದ್ದ ಎರಡು ದಾರಿಯಲ್ಲಿ ಒಂದು ಸತ್ತೇ ಹೋಯಿತು. ಗೋಡೆಯ ಮೇಲಿನ ಪತ್ರ ಮಾತ್ರ ಹಾಗೇ ಇದೆ.

ಮನೆಯ ಲೆಕ್ಕದ ಪುಸ್ತಕವನ್ನು ಒಮ್ಮೆ ನೋಡಿ ಬಿಡುತ್ತೇವೆಯೇ? ಇಲ್ಲ. ಹಾಗೆಯೇ ದೊಡ್ಡ ಕಟ್ಟಡಗಳಲ್ಲಿ ಆಗಾಗ ಮರು ತಪಾಸಣೆ ಆಗಬೇಕು. ಸಾಧನಗಳನ್ನು ಸುಸ್ಥಿತಿಯಲ್ಲಿ ಇಡುವ ಹೊಣೆ ಮಾಲೀಕರದು. ಆದರೆ ಊರಿನಲ್ಲಿ ಕಟ್ಟಡ ನೂರಾರು. ಅಧಿಕಾರಿಗಳು ಕೆಲವರು. ಅವರು ದಿನಾ ಬಂದು ಬಾಗಿಲು ತಳ್ಳಿ ನೋಡಲಾರರು.

ದಿನಾ ಅಲ್ಲಿಗೆ ಹೋಗುವವರು ಯಾರು? ಕಸ ಗುಡಿಸುವ ಅಕ್ಕ. ಹೊಲಿಗೆ ಯಂತ್ರದ ಮುಂದೆ ಕೂರುವ ತಂಗಿ. ಕಾವಲಿನ ಅಜ್ಜ. ಮಗುವನ್ನು ಶಾಲೆಗೆ ಬಿಡುವ ತಾಯಿ. ಅಂದರೆ ನಾವು.

"ಕೇಳಿದರೆ ಕೆಲಸ ಹೋಗುತ್ತೆ"

ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಒಬ್ಬ ತಂಗಿ ನಮ್ಮ ಕೇಂದ್ರದಲ್ಲಿ ಹೀಗೆ ಕೇಳಿದಳು.

"ಮೇಷ್ಟ್ರೇ, ನಮ್ಮಲ್ಲಿ ಹಿಂದಿನ ಬಾಗ್ಲಿಗೆ ಬೀಗ ಇರುತ್ತೆ. ಬಟ್ಟೆ ಕದೀತಾರೆ ಅಂತ ಹಾಕ್ತಾರೆ. ತೆಗೀರಿ ಅಂದ್ರೆ ನಾಳೆಯಿಂದ ಬರಬೇಡ ಅಂತಾರೆ. ಆಗೇನ್ಮಾಡೋದು?"

ಇದು ಸುಲಭದ ಪ್ರಶ್ನೆ ಅಲ್ಲ. ಹೊಟ್ಟೆಪಾಡಿನ ಪ್ರಶ್ನೆ. ನೀನೊಬ್ಬಳೇ ಹೋಗಿ ಜಗಳ ಮಾಡು ಅಂತ ನಾವು ಹೇಳುವುದಿಲ್ಲ. ಅವತ್ತು ಎಲ್ಲರೂ ಸೇರಿ ಮಾತಾಡಿದಾಗ ಕೆಲವು ದಾರಿ ಸಿಕ್ಕವು.

ಒಂದು, ಒಬ್ಬರೇ ಕೇಳಬಾರದು. ಹತ್ತು ಜನ ಸೇರಿ ಕೇಳಬೇಕು. ಸಂಘ ಇದ್ದರೆ ಸಂಘದ ಮೂಲಕ ಕೇಳಬೇಕು.

ಎರಡು, ಬೀಗ ತೆಗೆಯಿರಿ ಅನ್ನುವುದರ ಜೊತೆಗೆ ಉಪಾಯವನ್ನೂ ಹೇಳಬಹುದು. ಒಳಗಿನಿಂದ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯದ ಚಿಲಕ ಬರುತ್ತದೆ. ತೆರೆದರೆ ಗಂಟೆ ಬಾರಿಸುವಂತೆಯೂ ಮಾಡಬಹುದು. ಕಳ್ಳತನದ ಭಯಕ್ಕೂ ಮದ್ದು, ಬೆಂಕಿಯ ಭಯಕ್ಕೂ ಮದ್ದು.

ಮೂರು, ಅಗ್ನಿಶಾಮಕ ಠಾಣೆಗೆ ಅರ್ಜಿ ಕೊಡಬಹುದು. ಕಾರ್ಖಾನೆ ಆದರೆ ಕಾರ್ಖಾನೆಗಳ ಇಲಾಖೆಗೂ ಕೊಡಬಹುದು. ಕೆಲಸ ಮಾಡುವವರ ಪರವಾಗಿ ಊರಿನ ಸಂಘವೋ, ಮಹಿಳಾ ಮಂಡಳಿಯೋ ಅರ್ಜಿ ಕೊಟ್ಟರೆ ಒಬ್ಬರ ಹೆಸರು ಎದ್ದು ಕಾಣುವುದಿಲ್ಲ.

ನಾಲ್ಕು, ಸರ್ಕಾರಿ ಶಾಲೆಯ ವಿಷಯವಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಎತ್ತಬಹುದು. ಆ ಸಮಿತಿಯಲ್ಲಿ ತಂದೆ ತಾಯಂದಿರೇ ಇರುತ್ತಾರೆ.

ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ ಕೊನೆಗೆ ಹೇಳಿದರು. "ನಂಗೆ ಕೆಲಸ ಇಲ್ಲ, ಕಳ್ಕೊಳ್ಳೋಕೆ ಏನೂ ಇಲ್ಲ. ನನ್ನ ಹೆಸರಲ್ಲೇ ಬರೀರಿ. ಈಗ ಸಹಿ ಹಾಕೋಕೆ ಬರುತ್ತಲ್ಲ." ಎಲ್ಲರೂ ಚಪ್ಪಾಳೆ ತಟ್ಟಿದರು.

ಅರ್ಜಿ ಬರೆಯೋಣ

ಕಟ್ಟಡಕ್ಕೆ ಅಗ್ನಿಶಾಮಕ ಪತ್ರ ಇದೆಯೇ ಎಂದು ತಿಳಿಯುವ ಹಕ್ಕು ನಮಗೆ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಇಲಾಖೆಯನ್ನು ಕೇಳಬಹುದು. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಇಲ್ಲ. ಕಾರ್ಡಿನ ನಕಲು ಇಟ್ಟರೆ ಸಾಕು. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಹೀಗೆ ಬರೆಯಬಹುದು.

ಇವರಿಗೆ,
ಸಾರ್ವಜನಿಕ ಮಾಹಿತಿ ಅಧಿಕಾರಿಗಳು,
ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ, ............ (ಊರು)

ಮಾನ್ಯರೇ,
ವಿಷಯ: ಮಾಹಿತಿ ಹಕ್ಕು ಕಾಯ್ದೆಯಂತೆ ಮಾಹಿತಿ ಕೋರಿ ಅರ್ಜಿ.

............ ಬೀದಿಯಲ್ಲಿರುವ ............ ಎಂಬ ಕಟ್ಟಡದ ಬಗ್ಗೆ ಈ ಮಾಹಿತಿ ಬೇಕು.
1. ಈ ಕಟ್ಟಡಕ್ಕೆ ನಿರಾಕ್ಷೇಪಣಾ ಪತ್ರ ಮತ್ತು ತೀರುವಳಿ ಪತ್ರ ಕೊಡಲಾಗಿದೆಯೇ? ಕೊಟ್ಟಿದ್ದರೆ ಅವುಗಳ ನಕಲು ಕೊಡಿ.
2. ಕೊನೆಯ ಸಲ ತಪಾಸಣೆ ಮಾಡಿದ ದಿನಾಂಕ ತಿಳಿಸಿ.
3. ಆಗ ಕಂಡ ಕೊರತೆಗಳ ಬಗ್ಗೆ ಕೊಟ್ಟ ನೋಟಿಸಿನ ನಕಲು ಕೊಡಿ.

ಶುಲ್ಕ 10 ರೂಪಾಯಿ ಲಗತ್ತಿಸಿದೆ.
ವಂದನೆಗಳು.
ಸಹಿ, ಹೆಸರು, ವಿಳಾಸ, ದಿನಾಂಕ

ಅರ್ಜಿಯ ಒಂದು ನಕಲನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕೊಟ್ಟದ್ದಕ್ಕೆ ರಸೀದಿ ಅಥವಾ ಮೊಹರು ಪಡೆಯಿರಿ. ಅಂಚೆಯಲ್ಲೂ ಕಳಿಸಬಹುದು.

ಹೊಗೆ ಕಂಡರೆ ಏನು ಮಾಡಬೇಕು?

ಮೊದಲು ಕೂಗಿ ಎಲ್ಲರನ್ನೂ ಎಚ್ಚರಿಸಿ. ಗಂಟೆ ಇದ್ದರೆ ಒತ್ತಿ.

101 ಅಥವಾ 112ಕ್ಕೆ ಫೋನ್ ಮಾಡಿ. ಊರು, ಬೀದಿ, ಹತ್ತಿರದ ಗುರುತು ಹೇಳಿ. ಒಳಗೆ ಜನ ಇದ್ದಾರೆಯೇ ಹೇಳಿ.

ಹೊಗೆ ಇದ್ದರೆ ಬಗ್ಗಿ ನಡೆಯಿರಿ, ಇಲ್ಲವೇ ತೆವಳಿ. ಉಸಿರಾಡುವ ಗಾಳಿ ನೆಲದ ಹತ್ತಿರ ಉಳಿದಿರುತ್ತದೆ.

ಲಿಫ್ಟ್ ಹತ್ತಬೇಡಿ. ಮೆಟ್ಟಿಲು ಹಿಡಿಯಿರಿ.

ಮುಚ್ಚಿದ ಬಾಗಿಲನ್ನು ತೆರೆಯುವ ಮೊದಲು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ. ಬಿಸಿ ಇದ್ದರೆ ತೆರೆಯಬೇಡಿ. ಆಚೆ ಬೆಂಕಿ ಇದೆ.

ಸೀರೆಗೆ, ಬಟ್ಟೆಗೆ ಬೆಂಕಿ ಹತ್ತಿದರೆ ಓಡಬೇಡಿ. ಓಡಿದರೆ ಗಾಳಿಗೆ ಉರಿ ಹೆಚ್ಚುತ್ತದೆ. ನೆಲದ ಮೇಲೆ ಮಲಗಿ ಹೊರಳಾಡಿ.

ಕರೆಂಟಿನ ಬೆಂಕಿಗೆ, ಕಾದ ಎಣ್ಣೆಯ ಬೆಂಕಿಗೆ ನೀರು ಹಾಕಬೇಡಿ.

ಹೊರಗೆ ಬಂದ ಮೇಲೆ ಸಾಮಾನಿಗಾಗಿ ಮತ್ತೆ ಒಳಗೆ ಹೋಗಬೇಡಿ.

ಓದು ಬಂದವರ ಕಣ್ಣು

ಮೊದಲು ನಾವು ದೊಡ್ಡ ಕಟ್ಟಡದೊಳಗೆ ಹೋದರೆ ಗೋಡೆಯ ಮೇಲಿನ ಬರಹ ಬರೀ ಗೀಟಿನಂತೆ ಕಾಣುತ್ತಿತ್ತು. ಈಗ ಅದು ಮಾತಾಡುತ್ತದೆ. ಹಸಿರು ಫಲಕದಲ್ಲಿ "ಹೊರದಾರಿ" ಎಂದು ಬರೆದಿದ್ದರೆ ಓದಬಲ್ಲೆವು. ಬೆಂಕಿ ಆರಿಸುವ ಸಿಲಿಂಡರಿನ ಚೀಟಿಯಲ್ಲಿ ದಿನಾಂಕ ಓದಬಲ್ಲೆವು. ಮುಳ್ಳು ಇರುವ ಸಿಲಿಂಡರಾದರೆ ಅದು ಹಸಿರು ಗೆರೆಯಲ್ಲಿದೆಯೇ ನೋಡಬಲ್ಲೆವು. ಗೋಡೆಗೆ ತೂಗು ಹಾಕಿದ ಪತ್ರ ಯಾವ ವರ್ಷದ್ದು ಎಂದು ಹೇಳಬಲ್ಲೆವು.

ಅಕ್ಷರ ಬಂದದ್ದು ಸಹಿ ಹಾಕಲು ಮಾತ್ರ ಅಲ್ಲ. ನಮ್ಮ ಜೀವದ ದಾರಿ ತೆರೆದಿದೆಯೇ ಎಂದು ನೋಡಲು, ಮುಚ್ಚಿದ್ದರೆ ಯಾಕೆ ಎಂದು ಕೇಳಲು.

ನೆನಪಿಡಿ

ನಕ್ಷೆಯಲ್ಲಿ ದಾರಿ ಇರಬೇಕು. ಕಟ್ಟಡದಲ್ಲಿ ದಾರಿ ಇರಬೇಕು. ಇವತ್ತು, ಈ ಗಳಿಗೆಯಲ್ಲಿ ಆ ದಾರಿ ತೆರೆದಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ಕೆಲಸಕ್ಕೆ ಬಾರವು.

ಹೊಸ ಪದಗಳು

ಸಂಹಿತೆ: ನಿಯಮಗಳ ಕಟ್ಟು
ನಕ್ಷೆ: ಕಟ್ಟಡದ ಪ್ಲಾನು
ಉಪವಿಧಿ: ಊರಿನ ಆಡಳಿತದ ಚಿಕ್ಕ ಕಾನೂನು
ನಿರಾಕ್ಷೇಪಣಾ ಪತ್ರ: ಅಡ್ಡಿ ಇಲ್ಲ ಎಂದು ಕೊಡುವ ಪತ್ರ
ತಪಾಸಣೆ: ಬಂದು ಪರೀಕ್ಷೆ ಮಾಡಿ ನೋಡುವುದು
ತೀರುವಳಿ ಪತ್ರ: ಎಲ್ಲ ಸರಿ ಇದೆ ಎಂದು ನೋಡಿ ಕೊಡುವ ಪತ್ರ

ಪ್ರಶ್ನೆಗಳು

1. ಹೊರದಾರಿಯ ಬಾಗಿಲು ಒಳಕ್ಕೆ ತೆರೆದರೆ ಏನು ತೊಂದರೆ?
2. ಆಸ್ಪತ್ರೆಗೆ ಮನೆಗಿಂತ ಬಿಗಿ ನಿಯಮ ಯಾಕೆ?
3. ಅಗ್ನಿಶಾಮಕ ಅಧಿಕಾರಿ ಕಟ್ಟಡ ಮುಗಿದ ಮೇಲೆ ಮತ್ತೆ ಯಾಕೆ ಬರಬೇಕು?
4. ಒಂದು ಊಟದ ಹಾಲ್ 15 ಮೀಟರ್ ಉದ್ದ, 10 ಮೀಟರ್ ಅಗಲ ಇದೆ. ಎಷ್ಟು ಜನರ ಲೆಕ್ಕ ಹಿಡಿಯಬೇಕು?

ಮಾಡಿ ನೋಡಿ

ಈ ವಾರ ನಿಮ್ಮ ಮಗುವಿನ ಶಾಲೆಗೋ, ನೀವು ಕೆಲಸ ಮಾಡುವ ಜಾಗಕ್ಕೋ ಹೋದಾಗ ಇವನ್ನು ನೋಡಿ ಬರೆದುಕೊಳ್ಳಿ. ಹೊರಗೆ ಹೋಗಲು ಎಷ್ಟು ಬಾಗಿಲು ಇವೆ? ಯಾವ ಕಡೆಗೆ ತೆರೆಯುತ್ತವೆ? ಬೀಗ ಇದೆಯೇ? ಮೆಟ್ಟಿಲ ಮೇಲೆ, ಕೆಳಗೆ ಸಾಮಾನು ಇದೆಯೇ? ಬರೆದದ್ದನ್ನು ಮುಂದಿನ ತರಗತಿಯಲ್ಲಿ ಎಲ್ಲರ ಮುಂದೆ ಓದಿ ಹೇಳಿ. ಎಲ್ಲಿ ಬೀಗ ಕಂಡಿತೋ ಅಲ್ಲಿಗೆ ಮೊದಲ ಅರ್ಜಿ ಬರೆಯೋಣ.